ಹದಿನಾಲ್ಕನೆಯ ಸೀಟಿನ ಕೈಗಳು

ರಾತ್ರಿ ಒಂದು ಗಂಟೆಯ ಹೊತ್ತು. ದಿನದ ಕೊನೆಯ ವರದಿಗೆ ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕುತ್ತಿದ್ದ ವಾರಿಜಾಳಿಗೆ ಗಾಜಿನ ಗೋಡೆಯ ಆಚೆಯಿಂದ ಸಣ್ಣದೊಂದು ಸದ್ದು ಕೇಳಿಸಿತು. ಲಟ್, ಲಟ್, ಲಟ್. ಯಾರೋ ಬೆರಳಿನ ಲಟಿಗೆ ಮುರಿದಂತೆ.

ತಲೆಯೆತ್ತಿ ನೋಡಿದಳು. ಆಚೆಯ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಎರಡನೆಯ ಪಾಳಿಯ ಹೆಂಗಸರು ಅರ್ಧ ಗಂಟೆಯ ಹಿಂದೆಯೇ ವ್ಯಾನು ಹತ್ತಿ ಹೋಗಿದ್ದರು. ನಲವತ್ತು ಸೀಟುಗಳ ಮುಂದೆ ನಲವತ್ತು ಜೊತೆ ಗ್ಲೌಸುಗಳು ತಂತಿಗಳಿಂದ ನೇತಾಡುತ್ತಿದ್ದವು. ಹದಿನಾಲ್ಕನೆಯ ಸೀಟಿನ ಮೇಲೆ ಮಾತ್ರ ಹಸಿರು ದೀಪ ಉರಿಯುತ್ತಿತ್ತು.

ಅದು ಫಕೀರವ್ವ ಮುಳಗುಂದಳ ಸೀಟು. ಆಕೆಯನ್ನು ಕೆಲಸದಿಂದ ಮನೆಗೆ ಕಳಿಸಿ ಹನ್ನೊಂದು ದಿನವಾಗಿತ್ತು.

ಗದಗಿನ ಆ ಕಟ್ಟಡ ಹಿಂದೆ ಹತ್ತಿ ಬಿಡಿಸುವ ಗಿರಣಿಯಾಗಿತ್ತು. ಈಗಲೂ ಊರಿನವರು ಅದನ್ನು ಜಿನ್ನು ಎಂದೇ ಕರೆಯುತ್ತಾರೆ. ಜಿನ್ನಿಗೆ ಹೋಗುವ ಹೆಂಗಸರು ಗ್ಲೌಸು ಹಾಕಿಕೊಂಡು ಕೈ ಆಡಿಸಿದರೆ, ಉತ್ತರ ಸಮುದ್ರದ ದಂಡೆಯ ಒಂದು ದೇಶದ ವೃದ್ಧಾಶ್ರಮಗಳಲ್ಲಿ ಗಾಲಿಯ ಕಂಬಕ್ಕೆ ಜೋಡಿಸಿದ ಎರಡು ಯಂತ್ರದ ಕೈಗಳು ಅದೇ ರೀತಿ ಆಡುತ್ತವೆ. ಆ ಕೈಗಳಿಗೆ ತಾಕಿದ್ದು ಇಲ್ಲಿಯ ಬೆರಳಿಗೂ ತಿಳಿಯುತ್ತದೆ. ಅಲ್ಲಿಯ ಚರ್ಮದ ಬಿಸಿ, ಕೂದಲಿನ ಸಿಕ್ಕು, ಚಮಚೆಯ ಭಾರ ಎಲ್ಲವೂ. ಕಂಬದ ತುದಿಯಲ್ಲಿ ತಲೆಯ ಜಾಗದಲ್ಲಿ ಒಂದು ಕ್ಯಾಮೆರಾ ಇರುತ್ತದೆ. ಕೆಲಸ ಹೇಳುವುದು ವೃದ್ಧಾಶ್ರಮದವರು. ಆದರೆ ಪರದೇಶದ ಆಶ್ರಮ ಇಲ್ಲಿ ಆಳು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ, ನೇಮಕದ ಕಾಗದದಲ್ಲಿ ಮಾಲೀಕನೆಂದು ಹೆಸರಿರುವುದು ನಡುವಿನ ಈ ಸಂಸ್ಥೆಯದು. ವಾರಿಜಾ ಅದರ ನಿಯಮ ವಿಭಾಗದ ಅಧಿಕಾರಿ. ಯಾವ ವಾಕ್ಯ ಎಲ್ಲಿ ಹೇಗಿರಬೇಕು ಎಂದು ನೋಡುವುದೇ ಆಕೆಯ ಕೆಲಸ. ಹಗಲು ಪಾಳಿಯವಳು. ರಾತ್ರಿಯ ಅಧಿಕಾರಿ ರಜೆಯಲ್ಲಿದ್ದುದರಿಂದ ಈ ವಾರ ಮಾತ್ರ ಇಲ್ಲಿದ್ದಳು. ಇದು ಮೊದಲ ರಾತ್ರಿ.

ಹತ್ತಿರ ಹೋಗಿ ನಿಂತಳು. ಖಾಲಿ ಗ್ಲೌಸುಗಳು ಆಡುತ್ತಿದ್ದವು. ಒಳಗೆ ಕೈಯಿಲ್ಲದ ಬೆರಳುಗಳು ಮಡಚಿ ಬಿಚ್ಚಿ, ಏನನ್ನೋ ನಯವಾಗಿ ಸರಿಪಡಿಸುತ್ತಿದ್ದವು. ಪರದೆಯ ಮೇಲೆ ಇಂಗ್ರಿಡ್ ಎಂಬ ತೊಂಬತ್ತೊಂದರ ಮುದುಕಿಯ ಮಂಚ. ಯಂತ್ರದ ಕೈಗಳು ಆಕೆಯ ಹೊದಿಕೆಯನ್ನು ಕಾಲಿನ ಕೆಳಗೆ ಸಿಕ್ಕಿಸಿದವು. ಅದಕ್ಕೂ ಮೊದಲು ಒಮ್ಮೆ ಝಾಡಿಸಿದವು. ಕೌದಿ ಝಾಡಿಸದೆ ಹೊದಿಸುವ ಹೆಣ್ಣುಮಗಳು ಫಕೀರವ್ವಳ ಊರಾದ ಪಕ್ಕದ ಬೆಟಗೇರಿಯಲ್ಲಿಲ್ಲ. ಅದು ಫಕೀರವ್ವಳ ಕೈ ಎಂದು ವಾರಿಜಾಳಿಗೆ ಅಲ್ಲೇ ತಿಳಿಯಿತು.

ಕಪಾಟಿನಿಂದ ಕಡತ ತೆಗೆದು ನಿಂತಲ್ಲೇ ಓದಿದಳು. ದೂರನ್ನು ಕನ್ನಡಕ್ಕೆ ಇಳಿಸಿದ್ದು ಆಕೆಯೇ: "ಕೆಲಸಗಾರ್ತಿಯು ನಿವಾಸಿಯ ಮುಖದ ಎರಡೂ ಬದಿಗೆ ಕೈ ತಂದು, ಮುಷ್ಟಿ ಬಿಗಿದು, ನಂತರ ದೃಶ್ಯ ದಾಖಲಾಗದಂತೆ ಕ್ಯಾಮೆರಾವನ್ನು ಮುಚ್ಚಿರುತ್ತಾಳೆ."

ನಡೆದದ್ದು ಇಷ್ಟೇ. ತಲೆ ಬಾಚಿ, ಗಂಜಿ ಉಣಿಸಿ, ಮಲಗಿಸಿದ ಮೇಲೆ ಫಕೀರವ್ವ ಮುದುಕಿಗೆ ದೃಷ್ಟಿ ತೆಗೆಯುತ್ತಿದ್ದಳು. ಎರಡೂ ಅಂಗೈಯಿಂದ ಆಕೆಯ ಕೆನ್ನೆ ಸವರಿ, ಬೆರಳು ಮಡಚಿ, ತನ್ನ ಕಣತಲೆಗೆ ಒತ್ತಿ ಲಟಿಗೆ ಮುರಿಯುತ್ತಿದ್ದಳು. ಇಲ್ಲಿ ಆಕೆಯ ಕೈ ತನ್ನ ತಲೆಗೆ ಹೋದರೆ ಅಲ್ಲಿ ಯಂತ್ರದ ಕೈ ಕ್ಯಾಮೆರಾಕ್ಕೆ ಹೋಗುತ್ತದೆ. ಕಂಬಕ್ಕೆ ಇರುವ ತಲೆ ಅದೊಂದೇ.

ವಾರಿಜಾ ಹಳೆಯ ದೃಶ್ಯಗಳನ್ನು ತೆರೆದಳು. ಮೂರು ವರ್ಷ. ಮೊದಲ ತಿಂಗಳಿನಿಂದಲೂ ಪ್ರತಿ ರಾತ್ರಿ ಪರದೆ ಮೂರು ಸೆಕೆಂಡು ಕಪ್ಪಾಗಿತ್ತು. ಪ್ರತಿ ದೃಶ್ಯದ ಕೆಳಗೂ ಆಶ್ರಮದವರ ಒಪ್ಪಿಗೆಯ ಮುದ್ರೆಯಿತ್ತು. ದೂರು ಬಂದದ್ದು ತಿಂಗಳ ಒಂಬತ್ತಕ್ಕೆ. ಎಂಟಕ್ಕೆ ಇನ್ನೊಂದು ಕಾಗದ ಬಂದಿತ್ತು: "ಹದಿನಾಲ್ಕನೆಯ ಸೀಟಿನ ಕೈಮಾದರಿ ಪೂರ್ಣಗೊಂಡಿದೆ."

ಒಬ್ಬಳ ಕೈ ಮೂರು ವರ್ಷ ಒಂದೇ ಕೆಲಸ ಮಾಡಿದರೆ ಯಂತ್ರ ಅದನ್ನು ಕಲಿತುಬಿಡುತ್ತದೆ. ಆ ಮಾದರಿಯನ್ನು ಕೆಲಸಗಾರ್ತಿಯ ಒಪ್ಪಿಗೆಯಿಲ್ಲದೆ ಓಡಿಸಬಾರದು ಎಂದು ಕಾನೂನಿದೆ. ಅದಕ್ಕೊಂದು ವಿನಾಯಿತಿಯೂ ಇದೆ. ತಪ್ಪು ಮಾಡಿ ಕೆಲಸ ಕಳೆದುಕೊಂಡವಳ ಒಪ್ಪಿಗೆ ಬೇಕಿಲ್ಲ. ಫಕೀರವ್ವಳ ತಪ್ಪು ಇನ್ನೂ ತೀರ್ಮಾನವಾಗಿರಲಿಲ್ಲ, ಮಾದರಿ ಆಗಲೇ ಓಡುತ್ತಿತ್ತು.

ಪರದೆಯಲ್ಲಿ ಹಾಜರಿ ಪಟ್ಟಿ ಕಾಣುತ್ತಿತ್ತು. ಯಂತ್ರವನ್ನು ಯಾರದಾದರೂ ಹೆಸರಿಲ್ಲದೆ ಚಾಲೂ ಮಾಡುವಂತಿಲ್ಲ. ಹಾಗಾಗಿ ಹನ್ನೊಂದು ರಾತ್ರಿಯೂ ಬರೆದಿತ್ತು: ಫಕೀರವ್ವ ಮುಳಗುಂದ, ಕೆಲಸದಲ್ಲಿದ್ದಾಳೆ.

*

"ನಿಮಗ್ಯಾಕ ಬೇಕು ಅದು?" ಎಂದ ಗಂಡ ಅರವಿಂದ, ಬೆಳಿಗ್ಗೆ ಅವಲಕ್ಕಿಯ ತಟ್ಟೆ ಮುಂದಿಟ್ಟುಕೊಂಡು. ಸಿಟ್ಟು ಬಂದಾಗ, ಹೆದರಿದಾಗ ಆತ ಹೆಂಡತಿಗೆ ಬಹುವಚನ ಹಚ್ಚುತ್ತಿದ್ದ. "ಯಾರ ಕೈ ಎಲ್ಲಿ ಹೋಗಿ ಏನು ಮಾಡತಾವೋ ನೋಡಲಿಕ್ಕೆ ಹೋದ್ರ ನಿಮ್ಮ ಕೆಲಸಾನೂ ಹೋಗತದ."

"ಅಕೀನ ಹೆಸರಿಗೆ ಕೆಂಪು ಗುರುತು ಬೀಳತದ್ರೀ. ಮುದುಕೀನ್ನ ಹೊಡದಾಕಿ ಅಂತ. ಆಮ್ಯಾಲೆ ಯಾವ ದೇಶಾನೂ ಅಕೀಗೆ ಕೆಲಸ ಕೊಡೂದಿಲ್ಲ."

"ಅಕಿ ಒಂದು ಕಾಗದ ಬರದು ಕೊಡಲಿ, ಹಿಂಗಿಂಗ ಅಂತ."

"ಕಾಗದ ನಾನs ಮಾಡೀನಿ." ವಾರಿಜಾ ಬೆರಳು ಮಡಚಿ ಎಣಿಸಿದಳು. "ಅದರಾಗ ಮೂರು ಮನಿ ಅವ. ದ್ವೇಷದಿಂದ, ಅಜಾಗರೂಕತೆಯಿಂದ, ಕಾಯಿಲೆಯಿಂದ. ಒಂದಕ್ಕ ಗುರುತು ಹಾಕಿ ಸಹಿ ಮಾಡಬೇಕು. ಹದಿನೈದು ದಿನದಾಗ ಮಾಡದಿದ್ರ ತಪ್ಪು ಒಪ್ಪಿದಂಗ. ಪ್ರೀತಿಯಿಂದ ಅನ್ನೂ ಮನಿ ಇಲ್ಲ."

ಹನ್ನೊಂದು ಗಂಟೆಗೆ ಆಕೆ ವ್ಯವಸ್ಥಾಪಕ ಪಟ್ಟೇದನ ಕೋಣೆಗೆ ಹೋದಳು. ಪಟ್ಟೇದ ಕೆಟ್ಟ ಮನುಷ್ಯನಲ್ಲ. ಅದೇ ಕಷ್ಟವಾಗಿತ್ತು. ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ, ಹೇಳಿದ್ದನ್ನೆಲ್ಲ ಕೇಳಿದ.

"ಖರೇ ಅದ ಮೇಡಮ್. ಆದ್ರ ನಾವು ಕಾಗದದ ಮಾಲಕರು. ಕೆಲಸದ ತಕರಾರು ಅವರದು."

"ಹಂಗಾದ್ರ ಅವರನ್ನs ಕೇಳೋಣು."

ಗೋಡೆಯ ಪರದೆಯಲ್ಲಿ ಆಶ್ರಮದ ಮುಖ್ಯಸ್ಥೆ ಬಂದಳು. ಆಕೆಯ ಮಾತನ್ನು ಯಂತ್ರ ಕನ್ನಡಕ್ಕೆ ತಂದು, ಶಾಲೆಯ ಪಾಠದ ಧ್ವನಿಯಲ್ಲಿ ಒಪ್ಪಿಸಿತು. "ನಿಮ್ಮ ಕಾಳಜಿಗೆ ಧನ್ಯವಾದಗಳು. ಆದರೆ ನಿಮ್ಮ ದೇಶದಲ್ಲಿ ನಮಗೆ ಉದ್ಯೋಗಿಗಳು ಇಲ್ಲ."

"ಮೂರು ವರ್ಷ ನಿಮ್ಮ ಇಂಗ್ರಿಡ್ ಅವರಿಗೆ ಸ್ನಾನ ಮಾಡಿಸಿದವರು ಯಾರು?" ವಾರಿಜಾ ಅಷ್ಟೇ ಶುದ್ಧವಾಗಿ ಕೇಳಿದಳು.

"ಅದು ನಾವು ಪಡೆದ ಸೇವೆ. ಸೇವೆ ನೀಡಿದ ವ್ಯಕ್ತಿ ನಿಮ್ಮ ಸಂಸ್ಥೆಯ ಉದ್ಯೋಗಿ."

"ಹಾಗಿದ್ದರೆ ಆಕೆಯ ಕೈ ಯಾರದು?"

ಯಂತ್ರ ಸ್ವಲ್ಪ ತಡೆದು ಉತ್ತರಿಸಿತು. "ಕೈಮಾದರಿಯು ಸೇವೆಯ ಭಾಗ."

ಪರದೆ ಆರಿತು. ಪಟ್ಟೇದ ಚಹಾದ ಕಪ್ಪಿನೊಳಗೆ ನೋಡುತ್ತ ಕೂತಿದ್ದ. ಅಂದರೆ, ವಾರಿಜಾ ಎಣಿಸಿದಳು, ಆಕೆ ದುಡಿಯುವಾಗ ಅವರವಳು. ತಪ್ಪು ಹೊರಿಸುವಾಗ ಇವರವಳು. ತನ್ನ ಪರವಾಗಿ ಒಂದು ಮಾತು ಬೇಕಾದಾಗ ಯಾರವಳೂ ಅಲ್ಲ. ಇಷ್ಟು ವರ್ಷ ತಾನು ಅಲ್ಪವಿರಾಮ, ಪೂರ್ಣವಿರಾಮ ಸರಿಪಡಿಸಿ ಗಟ್ಟಿ ಮಾಡಿದ ಗೋಡೆ ಇದೇ. ಮುಟ್ಟದ ಚಹಾ ಬಿಟ್ಟು ಎದ್ದಳು. ಹೆದರುವುದು ಆಕೆಗೆ ರೂಢಿ. ಇದು ಹೆದರಿಕೆಯಾಗಿರಲಿಲ್ಲ.

*

ಬೆಟಗೇರಿಯ ಓಣಿಯಲ್ಲಿ ಫಕೀರವ್ವಳ ಮನೆ ಕೇಳಿಕೊಂಡು ಹೋದಾಗ ಸಂಜೆಯಾಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಕಲ್ಲವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಜಿನ್ನಿನ ಮೇಡಮ್ಮಾರಾ? ಬರ್ರಿ. ನಮ್ಮ ಸೊಸಿಗೆ ರಜಾ ಕೊಟ್ಟು ಛಲೋ ಮಾಡೀರಿ. ಪರದೇಶದ ಮುದುಕೀಗೆ ದಿನಾ ಎಣ್ಣಿ ಹಚ್ಚಿ ತಲಿ ಬಾಚತಿದ್ಲು, ಮನ್ಯಾಗಿನ ಮುದುಕಿ ಮೊಣಕಾಲು ಅಂದ್ರ ಕಿವಿ ಕೇಳತಿದ್ದಿಲ್ಲ. ಈಗ ಹನ್ನೆಲ್ಡ ದಿನದಾಗ ನನ್ನ ಕಾಲು ಒತ್ತಿ ಒತ್ತಿ ಸವಸ್ಯಾಳ."

ರಜೆ ಎಂದು ಹೇಳಿದ್ದಾಳೆ. ವಾರಿಜಾ ಮಾತನ್ನು ನುಂಗಿಕೊಂಡಳು.

ಫಕೀರವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಷ್ಟು ಜನರಿಲ್ಲದ ಮನೆಯಲ್ಲಿ ರೊಟ್ಟಿಯ ಗುಡ್ಡವೇ ಆಗಿತ್ತು. ನಲವತ್ತರ ಹೆಂಗಸು, ಗಟ್ಟಿ ಮೈ. ವಾರಿಜಾಳನ್ನು ಕಂಡು ಹಿಟ್ಟಿನ ಕೈಯಲ್ಲೇ ಎದ್ದಳು. "ಕೈ ಸುಮ್ಮನಿರೂದಿಲ್ಲ ನೋಡ್ರಿ. ಏನರ ಬೇಕು ಅವಕ್ಕ." ಆಮೇಲೆ ದನಿ ತಗ್ಗಿಸಿ ಕೇಳಿದಳು, "ಸಹಿ ತಗೊಳಾಕ ಬಂದ್ರೇನ್ರೀ?"

"ಇಲ್ಲ. ಒಂದು ಹೇಳಬೇಕಾಗಿತ್ತು."

ಹಿತ್ತಲ ಬಾಗಿಲಿನ ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿದಳು. ಮಾತುಗಳನ್ನು ಆರಿಸಿ ಆರಿಸಿ ಹೇಳಿದಳು, ಆದರೂ ಅವು ಮೃದುವಾಗಲಿಲ್ಲ. ಫಕೀರವ್ವ ಹಿಟ್ಟು ಮೆತ್ತಿದ ತನ್ನ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದಳು.

"ಅಂದ್ರ ನಾ ಇಲ್ಲಿ ಮಕ್ಕೊಂಡಾಗ, ಅಲ್ಲಿ ನನ್ನ ಕೈ ಇಂಗಜ್ಜೀನ ತಲಿ ಬಾಚತಾವೇನ್ರೀ?" ಇಂಗ್ರಿಡ್ ಆಕೆಯ ಬಾಯಲ್ಲಿ ಇಂಗಜ್ಜಿ.

"ಹೌದು."

"ನನ್ನ ಕೇಳದ?"

"ಹೌದು."

"ಲಟಿಗಿನೂ ಮುರೀತಾವ?"

"ನಿನ್ನೆ ರಾತ್ರಿ ನಾನೇ ಕೇಳಿಸಿಕೊಂಡೆ."

ಫಕೀರವ್ವಳ ಮುಖ ಕೆಂಪೇರಿತು. "ಎಂಥಾ ಮಂದಿರೀ ಇವರು! ನಾ ಮುರಿದ್ರ ಹೊಡ್ಯಾಕ ಬಂದ್ಲು ಅಂತಾರ. ನನ್ನ ಕೈ ಮುರಿದ್ರ ಸೇವಾ. ಅಜ್ಜಿ ಹೆಂಗದಾಳ್ರಿ? ಉಣ್ಣಾಕತ್ಯಾಳ?"

"ಉಣ್ಣತಾಳ. ನಿಮ್ಮ ಕೈ ಅಂತ ತಿಳಕೊಂಡು ಉಣ್ಣತಾಳ."

ಅದನ್ನು ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅನಿಸಿತು. ಪಕ್ಕದ ಮನೆಯಲ್ಲಿ ಮಗ್ಗ ಬಡಿಯುತ್ತಿತ್ತು. ಫಕೀರವ್ವ ಕೈಗಳನ್ನು ಒಂದಕ್ಕೊಂದು ತಿಕ್ಕಿ ಹಿಟ್ಟು ಉದುರಿಸಿದಳು.

"ಮೇಡಮ್ಮಾರ, ಕೈಗೆ ಕಲಿಸಿದಾಕಿ ನಾನು. ಮರಸಾಕ ಬರೂದಿಲ್ಲೇನ್ರೀ?"

ವಾರಿಜಾ ನಿಯಮಗಳನ್ನು ಒಂದೊಂದಾಗಿ ನೆನೆದಳು. ಮರೆಸಲು ಬರುತ್ತಿತ್ತು. ಜೀವಂತ ಕೈ ಗ್ಲೌಸಿನೊಳಗೆ ಹೋದ ಕೂಡಲೇ ಮಾದರಿ ಹಿಂದೆ ಸರಿಯಬೇಕು. ಅದು ಸುರಕ್ಷತೆಯ ನಿಯಮ. ಸರಿದು ಸುಮ್ಮನಿರುವುದಿಲ್ಲ, ಆ ಕೈ ನೋಡಿ ತನ್ನನ್ನು ತಿದ್ದಿಕೊಳ್ಳುತ್ತದೆ. ಹಳೆಯದಕ್ಕೂ ಹೊಸದಕ್ಕೂ ತಾಳೆಯಾಗದಿದ್ದರೆ ಮುಂದಿನ ಸಲ ಕೈ ಚಾಚಲು ಹೆದರಿ ನಿಂತುಬಿಡುತ್ತದೆ. ಸೀಟು ಅಂಗೈ ನೋಡಿ ತೆರೆಯುತ್ತದೆ. ಫಕೀರವ್ವ ಪಟ್ಟಿಯಲ್ಲಿ ಇನ್ನೂ ಕೆಲಸದಲ್ಲಿದ್ದಾಳೆ.

"ಅಜ್ಜಿಗೆ ನೋವಾಗಬಾರದು," ಎಂದಳು ವಾರಿಜಾ.

"ಅದನ್ನ ನನಗ ಹೇಳತೀರೇನ್ರಿ?"

*

ಆ ರಾತ್ರಿ ವ್ಯಾನು ಹೋದ ಮೇಲೆ ವಾರಿಜಾ ಹಿಂದಿನ ಬಾಗಿಲು ತೆರೆದಳು. ಫಕೀರವ್ವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಆಡುತ್ತಿದ್ದ ಗ್ಲೌಸುಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. "ಯವ್ವಾ, ನಾ ಸತ್ತಂಗ ಆಗೇತಿ," ಎಂದಳು.

ಅಂಗೈ ಒತ್ತಿದಳು. ಹಸಿರು ದೀಪ ಒಮ್ಮೆ ಮಿಟುಕಿ ಮತ್ತೆ ಉರಿಯಿತು. ಗ್ಲೌಸಿನೊಳಗೆ ಕೈ ತೂರಿಸುತ್ತಲೇ ಯಂತ್ರ ಬಿಟ್ಟುಕೊಟ್ಟಿತು.

ಪರದೆಯಲ್ಲಿ ಇಂಗ್ರಿಡ್ ಗಂಜಿಗೆ ಕಾಯುತ್ತಿದ್ದಳು. ಯಂತ್ರದ ಬೆರಳು ಆಕೆಯ ಮಣಿಕಟ್ಟನ್ನು ಮುಟ್ಟಿತು. ಮುದುಕಿ ಥಟ್ಟನೆ ಕ್ಯಾಮೆರಾದ ಕಡೆ ತಿರುಗಿದಳು. ಏನು ತಿಳಿಯಿತೋ, ತನ್ನ ಇನ್ನೊಂದು ಕೈ ತಂದು ಆ ರಬ್ಬರಿನ ಬೆರಳುಗಳ ಮೇಲಿಟ್ಟಳು. ಹನ್ನೆರಡು ದಿನದ ದೃಶ್ಯಗಳಲ್ಲಿ ಆಕೆ ಹಾಗೆ ಮಾಡಿದ್ದನ್ನು ವಾರಿಜಾ ಕಂಡಿರಲಿಲ್ಲ.

ಫಕೀರವ್ವಳ ಕಣ್ಣು ತುಂಬಿ ಸುರಿಯಿತು. ಒರೆಸಿಕೊಳ್ಳುವಂತಿರಲಿಲ್ಲ, ಕೈ ಕಣ್ಣಿಗೆ ಹೋದರೆ ಅಲ್ಲಿ ಕ್ಯಾಮೆರಾ ಮುಚ್ಚುತ್ತದೆ. ವಾರಿಜಾ ತನ್ನ ಸೆರಗಿನಿಂದ ಒರೆಸಿದಳು.

"ಎಡಗೈ," ಎಂದು ಪಿಸುಗುಟ್ಟಿದಳು.

ಆಗ ಎಲ್ಲವೂ ಎಡಗೈಯಿಂದ ನಡೆಯಿತು. ಎಡಗೈ ಬಾಚಣಿಗೆ ಹಿಡಿಯಿತು, ತಡವರಿಸುತ್ತ ಬೈತಲೆ ತೆಗೆಯಿತು, ಸೊಟ್ಟಗೆ. ಎಡಗೈ ಗುಂಡಿ ಬಿಚ್ಚಿತು. ಹೊದಿಕೆಯನ್ನು ಝಾಡಿಸದೆ ಹೊದಿಸಿತು. ಮುದುಕಿ ಮೋಜೆನಿಸಿ ಸಣ್ಣಗೆ ನಕ್ಕಳು. ಗಂಜಿಯ ಬಟ್ಟಲು ಬಂದಾಗ ಮಾತ್ರ ಫಕೀರವ್ವ ನಿಂತಳು.

"ಇದು ಆಗೂದಿಲ್ರೀ. ಎಡಗೈಲೆ ಉಣಸಬಾರದು."

"ಅವರ ದೇಶದಾಗ ಆ ಭೇದ ಇಲ್ಲ ಫಕೀರವ್ವ."

"ನನ್ನ ಕೈಗೆ ಐತಲ್ರೀ."

ಬಲಗೈಯಿಂದಲೇ ಉಣಿಸಿದಳು, ಒಂದೊಂದೇ ಚಮಚೆ, ತುಟಿಯ ಅಂಚು ಒರೆಸುತ್ತ. ವಾರಿಜಾ ಗಡಿಯಾರ ನೋಡಿದಳು, ಬಾಗಿಲು ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಬೇಗ ಮಾಡು ಎನ್ನಲು ಬಾಯಿ ಬರಲಿಲ್ಲ.

ಮುದುಕಿ ದಿಂಬಿಗೆ ಒರಗಿ ಮುಖ ಮುಂದೆ ಮಾಡಿದಳು. ಕೆನ್ನೆ ಸವರಲಿ ಎಂದು ಕಾದಳು. ಫಕೀರವ್ವ ಗ್ಲೌಸಿನಿಂದ ಕೈ ಹೊರಗೆ ಎಳೆದುಕೊಂಡಳು.

"ಇದನ್ನ ಮಾತ್ರ ಇವರಿಗೆ ಕೊಡೂದಿಲ್ಲ."

ಬರಿಗೈಯನ್ನು ಪರದೆಯ ಎರಡೂ ಬದಿಗೆ ತಂದು, ಗಾಜಿನ ಮೇಲಿನ ಮುಖವನ್ನು ಸವರಿ, ತನ್ನ ಕಣತಲೆಗೆ ಒತ್ತಿಕೊಂಡಳು. ಹತ್ತೂ ಬೆರಳು ಮುರಿದವು. ಜೀವಂತ ಕೈ ಬಂದ ರಾತ್ರಿ ಮಾದರಿ ತಾನಾಗಿ ಓಡದು, ಅಲ್ಲಿ ಯಂತ್ರದ ಕೈ ಕದಲಲಿಲ್ಲ. ಇಂಗ್ರಿಡ್ ಸ್ವಲ್ಪ ಹೊತ್ತು ಕಾದು ಕಣ್ಣು ಮುಚ್ಚಿದಳು.

*

ಮರುದಿನ ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಹದಿನಾಲ್ಕನೆಯ ಸೀಟಿನ ದೀಪ ಕೆಂಪಾಯಿತು. ಅಂದು ಗಂಜಿ ಮೊದಲೇ ಬಂದಿತ್ತು, ಮಾದರಿ ಅದನ್ನು ಸರಿಯಾಗಿಯೇ ಉಣಿಸಿತ್ತು. ಬಾಚಣಿಗೆಗೆ ಬಂದಾಗ ಬಲಗೈ ಚಾಚಿತು, ಎಡಗೈ ಚಾಚಿತು, ಎರಡೂ ಗಾಳಿಯಲ್ಲಿ ನಿಂತವು. ಪರದೆಯ ಮೇಲೆ ಸಾಲು ಮೂಡಿತು: "ಮಾದರಿ ಹೊಂದುತ್ತಿಲ್ಲ. ಜೀವಂತ ಕೈ ಬೇಕು."

ಆಶ್ರಮದಲ್ಲಿ ಆ ಹೊತ್ತಿಗೆ ಮೂವತ್ತು ಮುದುಕರಿಗೆ ಒಬ್ಬಳೇ ದಾದಿ. ಮುಖ್ಯಸ್ಥೆ ಪರದೆಗೆ ಬಂದಳು. ಪಟ್ಟೇದ ಮನೆಯಿಂದಲೇ ಫೋನಿನಲ್ಲಿ ಸೇರಿಕೊಂಡ, ನಿದ್ದೆಗಣ್ಣಿನ ದನಿಯಲ್ಲಿ.

"ಬೇರೆ ಯಾರನ್ನಾದರೂ ಕೂರಿಸಿ," ಎಂದಿತು ಯಂತ್ರದ ಕನ್ನಡ.

"ಕೂರಿಸಬಹುದು," ಎಂದಳು ವಾರಿಜಾ. "ಆದರೆ ಇಂಗ್ರಿಡ್ ಅವರು ಹೊಸ ಕೈಗೆ ಒಗ್ಗಲು ಮೊದಲ ಸಲ ಮೂರು ವಾರ ಹಿಡಿದಿತ್ತು. ನಿಮ್ಮ ಕಡತದಲ್ಲೇ ಇದೆ. ಒಗ್ಗಿದ ಕೈ ಒಂದೇ. ಆಕೆಯ ಮೇಲೆ ನಿಮ್ಮ ದೂರಿದೆ. ಮುದುಕಿಯನ್ನು ಹೊಡೆದವಳೆಂದು ನೀವು ಬರೆದುಕೊಟ್ಟವಳನ್ನು ಅದೇ ಮುದುಕಿಯ ಹತ್ತಿರ ನಾನು ಹೇಗೆ ಕೂರಿಸಲಿ?"

ಅಲ್ಲಿ ಗುಸುಗುಸು ನಡೆಯಿತು. ಪರದೆಯ ಮೂಲೆಯಲ್ಲಿ ಇಂಗ್ರಿಡ್ ಅರ್ಧ ಬಾಚಿದ ತಲೆಯಲ್ಲಿ ಮಂಚದ ಅಂಚಿಗೆ ಕೂತಿದ್ದಳು.

ದೂರು ಬರೆಯುವ ಮುಂಚೆ ಅವರು ಒಂಬತ್ತು ಸಲ ಕರಡು ತಿದ್ದಿಸಿದ್ದರು. ಹಿಂದಕ್ಕೆ ತೆಗೆದುಕೊಳ್ಳಲು ಹನ್ನೊಂದು ನಿಮಿಷ ಸಾಕಾಯಿತು. "ಸಾಂಸ್ಕೃತಿಕ ತಪ್ಪುತಿಳಿವಳಿಕೆ" ಎಂದು ಬಂತು. ಕ್ಷಮಿಸಿ ಎಂಬ ಮಾತು ಇರಲಿಲ್ಲ. ಹದಿಮೂರು ದಿನವನ್ನು ಕೆಲಸಗಾರ್ತಿ ತಾನಾಗಿ ಪಡೆದ ವಿಶ್ರಾಂತಿ ಎಂದು ತೋರಿಸಬೇಕಂತೆ. ವಾರಿಜಾ ಹಲ್ಲು ಕಚ್ಚಿ ಬೇರೆ ಸಾಲು ಬರೆದಳು: "ದೂರು ನಿರಾಧಾರ. ಕೆಲಸಗಾರ್ತಿ ನಿರ್ದೋಷಿ. ಕೈಮಾದರಿಯ ಬಳಕೆಗೆ ಆಕೆಯ ಒಪ್ಪಿಗೆ ಇಲ್ಲ." ಸಹಿ ಇಲ್ಲದೆ ವ್ಯಾನು ಕಳಿಸುವುದಿಲ್ಲ ಎಂದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ. ಸಹಿ ಬಂತು.

ಒಂದೂವರೆಗೆ ಫಕೀರವ್ವ ಮುಂಬಾಗಿಲಿನಿಂದ ಬಂದು ತನ್ನ ಸೀಟಿನಲ್ಲಿ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ.

ಬೆಳಿಗ್ಗೆ ಪಟ್ಟೇದ ಕರೆಸಿದ. ಬಾಗಿಲು ಹಾಕಿದ ಮೇಲೆ ಕೇಳಿದ. "ಮಾದರಿ ಹೆಂಗ ಕೆಟ್ಟಿತು ಮೇಡಮ್? ಅದರ ಹಿಂದಿನ ರಾತ್ರಿ ಯಾರರ ಕೂತಿದ್ರೇನು? ಅವರು ಕಾರಣ ಬರದು ಕಳಸ್ರಿ ಅಂತಾರ."

"ಪಟ್ಟಿ ನೋಡ್ರಿ ಸರ್."

ಪಟ್ಟೇದ ಪಟ್ಟಿ ನೋಡಿದ. ಆ ರಾತ್ರಿಯೂ, ಅದರ ಹಿಂದಿನ ಎಲ್ಲ ರಾತ್ರಿಯೂ ಒಂದೇ ಸಾಲು: ಫಕೀರವ್ವ ಮುಳಗುಂದ, ಕೆಲಸದಲ್ಲಿದ್ದಾಳೆ. ಒಂದು ಸುಳ್ಳೆಂದರೆ ಎಲ್ಲ ಸುಳ್ಳೆನ್ನಬೇಕು, ಮನೆಗೆ ಕಳಿಸಿದವಳ ಹೆಸರಿನಲ್ಲಿ ಯಂತ್ರ ಓಡಿಸಿದ್ದನ್ನು ಒಪ್ಪಬೇಕು. ಆತ ಕನ್ನಡಕ ತೆಗೆದು ಒರೆಸಿದ.

"ಹಂಗಾದ್ರ ಏನಂತ ಬರೀತೀರಿ?"

"ಕಾರಣ ತಿಳಿದುಬಂದಿಲ್ಲ ಅಂತ."

ಮನೆಗೆ ಬಂದಾಗ ಅರವಿಂದ ಬಾಗಿಲಲ್ಲೇ ಕಾಯುತ್ತಿದ್ದ. "ಅಕೀದು ಏನಾತು?" ಎಂದ.

"ದೂರು ತಗೊಂಡ್ರು ವಾಪಸ್. ಕೆಲಸಕ್ಕ ಬಂದಾಳ."

"ಒಮ್ಮಿಂದೊಮ್ಮೆಲೆ? ಹೆಂಗ?"

ವಾರಿಜಾ ಚಪ್ಪಲಿ ಬಿಟ್ಟು, ಕಾಲು ತೊಳೆಯಲು ಬಚ್ಚಲಿಗೆ ಹೋದಳು. ತಣ್ಣೀರು ಸುರಿದುಕೊಳ್ಳುತ್ತ ಯೋಚಿಸಿದಳು. ಗಂಡನಿಗೆ ಹೇಳಿದರೆ ಆತ ಹೆಮ್ಮೆಯಿಂದ ಒಬ್ಬ ಗೆಳೆಯನಿಗೆ ಹೇಳುತ್ತಾನೆ. ಜಿನ್ನಿನ ಹೆಂಗಸರಿಗೆ ಹೇಳಿದರೆ ಅವರು ಸಂತೋಷಪಟ್ಟಾರು, ಮತ್ತೆ ಸಂತೋಷ ಬಾಯಿಂದ ಬಾಯಿಗೆ ಹೋದೀತು. ಎಲ್ಲೋ ಒಂದು ಕಡೆ ಯಾರೋ ಅದನ್ನು ಬರೆದುಕೊಳ್ಳುತ್ತಾರೆ. ಬರೆದುಕೊಂಡದ್ದು ಅವರ ಕೈಗೆ ಸೇರುತ್ತದೆ. ಆಮೇಲೆ ಅವರು ಎಡಗೈಗೂ ಒಂದು ನಿಯಮ ಮಾಡುತ್ತಾರೆ. ಶೆಡ್ಡಿನಲ್ಲಿ ಇನ್ನೂ ಮೂವತ್ತೊಂಬತ್ತು ಸೀಟುಗಳಿವೆ. ಅವುಗಳಲ್ಲಿ ಆರಕ್ಕೆ ಈ ವರ್ಷ ಮೂರು ವರ್ಷ ತುಂಬುತ್ತದೆ.

ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದಳು. ಮುಖ ಒರೆಸಿಕೊಂಡು ಹೊರಗೆ ಬಂದು, "ಅವರಿಗೇ ತಿಳೀತಂತ್ರೀ ತಪ್ಪು," ಎಂದಳು, ಒಂದೊಂದು ಮಾತನ್ನೂ ಜೋಪಾನವಾಗಿ ಇಡುತ್ತ.